ಡಯಾಲಿಸಿಸ್ ಕೋಣೆಯ ಆಯಾ

ತಾಲ್ಲೂಕಿಗೊಂದು ಡಯಾಲಿಸಿಸ್ ಕೇಂದ್ರ ಎಂದು ಸರ್ಕಾರ ಹೇಳಿದ್ದು ಸುಳ್ಳಲ್ಲ. ನಮ್ಮ ಆಸ್ಪತ್ರೆಗೆ ಯಂತ್ರ ಬಂದಿತ್ತು, ನಡೆಸುವವರು ಬಂದಿರಲಿಲ್ಲ. ಆ ಕೋಣೆಯ ಆಯಾ ದಿನವೂ ಯಂತ್ರದ ಧೂಳು ಒರೆಸಿ, ಹಾಸಿಗೆಯ ಸುಕ್ಕನ್ನು ಅಂಗೈಯಿಂದ ನೀವಿ ಸರಿಮಾಡುತ್ತಿದ್ದಳು. ನಮ್ಮ ಯಜಮಾನರ ಡಯಾಲಿಸಿಸ್‌ಗೆಂದು ಶಿವಮೊಗ್ಗದ ಬಸ್ಸು ಹತ್ತುವ ಮೊದಲು ನಾವಿಬ್ಬರೂ ಹೋಗಿ ವಿಚಾರಿಸಿದಾಗಲೆಲ್ಲ, "ಬರ್ತಾರಂತಮ್ಮ, ಆರ್ಡರ್ ಆಗಿದ್ಯಂತೆ" ಎನ್ನುತ್ತಿದ್ದಳು.

ಆಯುಧಪೂಜೆಯ ದಿನ ಯಂತ್ರಕ್ಕೆ ಕುಂಕುಮವಿಟ್ಟು ಚೆಂಡುಹೂವಿನ ಮಾಲೆ ಹಾಕಿದ್ದಳು.

"ಒಂದಿನಾನೂ ಓಡದೇ ಇದ್ದದ್ದಕ್ಕೂ ಪೂಜೆಯೇನೆ?" ಎಂದೆ.

"ಪೂಜೆ ಮಾಡಿದ್ರಾದ್ರೂ ಓಡುತ್ತೇನೋ ಅಂತ."

ಹಿಂದಿನ ಸರದಿ ಬಸ್ಸು ಸಿಗದೆ ತಪ್ಪಿಹೋಗಿ, ನಮ್ಮ ಯಜಮಾನರ ಮುಖ, ಕಾಲು ಊದಿದ್ದವು. ಹಬ್ಬದ ರಜೆ, ಡಾಕ್ಟರೂ ಇರಲಿಲ್ಲ. ಬಸ್ಸು ಬರುವವರೆಗೆ ಆಯಾ ಅವರನ್ನು ಆ ಹಾಸಿಗೆಯ ಮೇಲೆಯೇ ಮಲಗಿಸಿದಳು.

"ಮಂತ್ರಿಗಳಿಗಿಂತ ಮೊದ್ಲು ನಾನೇ ಉದ್ಘಾಟನೆ ಮಾಡ್ದೆ ನೋಡು" ಎಂದು ಅವರು ನಕ್ಕು ಕಣ್ಣು ಮುಚ್ಚಿದರು.

ಬಸ್ಸು ಬಂತೆಂದು ಎಬ್ಬಿಸಹೋದೆ. "ಈಗಷ್ಟೇ ನಿದ್ದೆ ಹತ್ತಿದೆ, ಮಲಗ್ಲಿ ಬಿಡಿ ಅಮ್ಮ, ಮುಂದಿನ ಬಸ್ಸಿಗೆ ಹೋಗ್ಬಹುದು" ಎಂದು ಆಯಾ ತಡೆದಳು.

ಮುಂದಿನ ಬಸ್ಸಿಗೆ ಅವರು ಏಳಲಿಲ್ಲ.

ಬಸ್ಸಿನ ನೂಕುನುಗ್ಗಲಿನಲ್ಲಲ್ಲ, ಶುಭ್ರವಾದ ಹಾಸಿಗೆಯ ಮೇಲೆ ಹೋದರಲ್ಲ ಎಂದು ಹುಂಚದ ಪದ್ಮಾವತಿ ತಾಯಿಗೆ ಕೈಮುಗಿದೆ. ಆಯಾ ಮಾತ್ರ ಬಾಗಿಲಿಗೆ ಒರಗಿ ನಿಂತು, "ನಾನೇ ತಡೆದ್ನಲ್ಲಮ್ಮ, ನಾನೇ ತಡೆದ್ನಲ್ಲ" ಎನ್ನುತ್ತಲೇ ಇದ್ದಳು.