ಆಡಿಗೂ ಒಂದು ನೌಕೆಯಿತ್ತು

ಮೊದಲಿಗೆ ಓದುಗರ ಕ್ಷಮೆ ಕೋರುತ್ತೇನೆ. ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೊಬ್ಬಳೇ. ಬರವಣಿಗೆಯಲ್ಲಿ ತಪ್ಪು ನುಸುಳೀತೆಂಬ ಅಂಜಿಕೆ ಇನ್ನೂ ಬಿಟ್ಟಿಲ್ಲ. ಅದರ ಮೇಲೆ ವಿಷಯವೂ ಒಂದು ವಿಡಿಯೊ ಗೇಮಿನದು. ಅದರ ಪರಿಭಾಷೆ ನನಗೆ ಪೂರ್ತಿ ತಿಳಿಯದು.

ವಿಜಯಪುರದ ಸ್ಟೇಷನ್ ರಸ್ತೆಯ ಕಚೇರಿಯೊಂದರಲ್ಲಿ ಕೆಲಸ ಮಾಡುವ ನಾನು ವಾರವೆಲ್ಲ ಅಲ್ಲಿಯೇ ಬಾಡಿಗೆಯ ಕೋಣೆಯಲ್ಲಿದ್ದು, ಶನಿವಾರ ಟಿಕೋಟಾ ದಾಟಿ ಬಿಜ್ಜರಗಿಯ ಮನೆಗೆ ಬರುತ್ತೇನೆ. ತಂಗಿಯ ಓದಿಗೆಂದು ನಾನು ಕೊಡಿಸಿದ ಲ್ಯಾಪ್‌ಟಾಪಿನಲ್ಲಿ ಅವಳು ಬಾಹ್ಯಾಕಾಶದ ಯುದ್ಧತಂತ್ರದ ಆಟವೊಂದನ್ನು ಆಡತೊಡಗಿದ್ದಳು. ನೌಕೆಗಳ ಪಡೆಯೊಂದನ್ನು ನಕ್ಷತ್ರದಿಂದ ನಕ್ಷತ್ರಕ್ಕೆ ಸಾಗಿಸಬೇಕು. ಶತ್ರು ಎದುರಾದಾಗ ಯಾವುದನ್ನು ಮುಂದಕ್ಕೆ ಕಳಿಸಬೇಕು, ಯಾವುದನ್ನು ಹಿಂದಕ್ಕೆ ಕರೆಯಬೇಕು ಎಂದು ತೀರ್ಮಾನಿಸಬೇಕು. ಒಮ್ಮೆ ಸುಟ್ಟುಹೋದ ನೌಕೆ ಮರಳಿ ಬಾರದು.

ಆ ಶನಿವಾರ, ನಾನು ಚೀಲ ಇಳಿಸುವ ಮೊದಲೇ ನೀರು ತಂದುಕೊಡುತ್ತಿದ್ದ ಅವ್ವ ಕುಳಿತಲ್ಲಿಂದ ಏಳಲಿಲ್ಲ. ಮಡಿಲಲ್ಲಿ ಒಣದ್ರಾಕ್ಷಿಯ ಮೊರ, ಕಣ್ಣು ಲ್ಯಾಪ್‌ಟಾಪಿನ ಮೇಲೆ.

“ಬಂದ್ಯಾ? ತಡಿ ಬೇ, ನಾ ಈಗ ಆ ನೀಲಿ ಚುಕ್ಕಿ ಕಡೆ ಹೊಂಟೀನಿ,” ಎಂದಳು.

ಒಂದು ನೌಕೆಗೆ ತಂಗಿ ಅವ್ವನ ಹೆಸರಿಟ್ಟಿದ್ದಳು. ಇನ್ನೊಂದಕ್ಕೆ ಅಪ್ಪನದು, ಮತ್ತೊಂದಕ್ಕೆ ತನ್ನದು. ಬಾಲದಂತೆ ಹಿಂದೆ ಬರುತ್ತಿದ್ದ ಸಣ್ಣ ನೌಕೆಗೆ ನಮ್ಮ ಆಡಿನ ಹೆಸರಿತ್ತು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ.

“ಆಡಿಗೆ ಹಡಗ ಐತಿ, ನನಗಿಲ್ಲೇನು?”

“ಆಟ ಅಂದ್ರ ದಂಡ ಅಂತ ನೀನ ಅಂದಿದ್ದೆಲ್ಲ. ಆಡ ಹಂಗೇನೂ ಅಂದಿಲ್ಲ,” ಎಂದಳು ತಂಗಿ.

“ಲ್ಯಾಪ್‌ಟಾಪ್ ಯಾರ ಕೊಡಿಸ್ಯಾರ?”

“ನೀವ ಕೊಡಿಸೀರಿ, ಸಾಹೇಬ್ರ. ಸ್ವಲ್ಪ ಸರೀರಿ, ಬೆಳಕ ಬರ್ಲಿ.”

ನಾನು ಒಳಗೆ ಹೋಗಿ ನೀರನ್ನು ನಾನೇ ತುಂಬಿಕೊಂಡೆ. ಅಷ್ಟರಲ್ಲಿ ಕಾಳಗ ಆರಂಭವಾಗಿತ್ತು. ಅವರಿಬ್ಬರಲ್ಲೊಂದು ಏರ್ಪಾಡಿತ್ತು: ಮುಂದಿನ ಸಾಲು ತಂಗಿಯದು, ಹಿಂದಿನ ಸಾಲಿನಲ್ಲಿ ಅಪಾಯ ಕಂಡರೆ ಅವ್ವ ಆ ನೌಕೆಯ ಹೆಸರು ಕೂಗಬೇಕು. ಆಡಿನ ಹೆಸರನ್ನು ಅವಳು ಗಟ್ಟಿಯಾಗಿ ಕೂಗಿದ್ದು ಒಳಗಿದ್ದ ನನಗೂ ಕೇಳಿಸಿತು. ಅನಂತರ ಶತ್ರು ಮುತ್ತಿದ್ದು ಅಪ್ಪನ ನೌಕೆಯನ್ನು. ನಮ್ಮಲ್ಲಿ ಹೆಂಡತಿ ಗಂಡನ ಹೆಸರು ಹೇಳುವುದಿಲ್ಲ.

“ಏ, ಹಿಂದ ನೋಡ! ಅದು… ಅದು…”

“ಯಾವುದಬೇ? ಲಗೂನ ಹೆಸರ ಹೇಳ!”

“ಹ್ಯಾಂಗ ಹೇಳ್ಲೇ ನಾನು? ನಿಮ್ಮಪ್ಪ! ನಿಮ್ಮಪ್ಪ!”

ನಾನು ಓಡಿ ಬರುವಷ್ಟರಲ್ಲಿ ನೌಕೆ ಸುಟ್ಟುಹೋಗಿತ್ತು. ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಜವಾಗಿಯೇ ಅಳುತ್ತಿದ್ದಳು. ಹೊಲದಿಂದ ಬಂದ ಅಪ್ಪ ಹೊಸ್ತಿಲಲ್ಲೇ ನಿಂತ.

“ಏನಾತು?”

“ಯಪ್ಪಾ, ನೀ ಸುಟ್ಟ ಹೋದಿ,” ಎಂದಳು ತಂಗಿ.

“ಹಂಗಾರ ಚಾ ಯಾರಿಗೆ ಮಾಡ್ತೀರಿ?”

ತಂಗಿ ನಕ್ಕಳು. ಅವ್ವ ನಗದೆ ಚಹಾ ಮಾಡಿ ತಂದು, ಅಪ್ಪ ಕುಡಿದು ಮುಗಿಸುವವರೆಗೂ ಅವನ ಮುಖವನ್ನೇ ನೋಡುತ್ತ ಕುಳಿತಳು.

ಇಂಥ ಆಟ ಮನಸ್ಸಿನಲ್ಲಿ ಉಳಿಯುವುದು ಅದರ ನಕ್ಷತ್ರಗಳ ಅಂದದಿಂದಲ್ಲವೆಂದು ನನಗೆ ಅನಿಸಿದ್ದು ಆಗ. ಆಟ ಖಾಲಿ ನೌಕೆಗಳನ್ನು ಕೊಡುತ್ತದೆ. ಅವುಗಳಲ್ಲಿ ನಮ್ಮವರನ್ನು ಕೂರಿಸುವವರು ನಾವು. ಕಳೆದುಕೊಂಡದ್ದನ್ನು ಅದು ಹಿಂದಿರುಗಿಸುವುದಿಲ್ಲವಾದ್ದರಿಂದ ಹಾಗೆ ಕೂತವರ ಮೇಲೆ ನಮಗೆಷ್ಟು ಜೀವವೆಂಬುದು ಎಲ್ಲರೆದುರು ಬಯಲಾಗುತ್ತದೆ. ಇಷ್ಟೆಲ್ಲ ಅರ್ಥವಾದರೂ ಹೊಟ್ಟೆಕಿಚ್ಚು ಆರಲಿಲ್ಲ. ನೇಮಕಾತಿ ಪರೀಕ್ಷೆಯಲ್ಲಿ ನಾನು ಅನುತ್ತೀರ್ಣಳಾದಾಗ ಅವ್ವ, “ಇರ್ಲಿ ಬಿಡು, ಉಣ್ಣು ಬಾ,” ಎಂದಿದ್ದಳು, ಅಷ್ಟೇ. ಬೆರಳುಗುರಿನಷ್ಟಿದ್ದ ಒಂದು ಬೆಳಕಿಗೆ ಇಷ್ಟು ಕಣ್ಣೀರು! ಸುಟ್ಟುಹೋದ ನೌಕೆಯ ಮೇಲೂ ನನಗೆ ಮತ್ಸರವಾಯಿತು.

ತಂಗಿ ಹೊಸ ನೌಕೆಯನ್ನು ಕಟ್ಟಿದಳು. “ಅಪ್ಪಂದ ಹೆಸರ ಇಡ್ಲ್ಯಾ?”

“ಬ್ಯಾಡ,” ಎಂದಳು ಅವ್ವ. “ಅಕ್ಕಂದ ಇಡು. ಅಕಿ ಹೆಸರಾದ್ರ ನಾ ಒದರಬಹುದು.”

ನನಗೆ ಸಿಕ್ಕದ್ದು ತೆರವಾದ ಜಾಗ. ಅದೂ ಕೂಗಲು ಅನುಕೂಲವೆಂಬ ಕಾರಣಕ್ಕೆ. ಆದರೂ ತಂಗಿ ನನ್ನ ಹೆಸರಿನ ಅಕ್ಷರಗಳನ್ನು ಸರಿಯಾಗಿ ಒತ್ತುತ್ತಿದ್ದಾಳೆಯೇ ಎಂದು ಬಗ್ಗಿ ನೋಡಿದೆ.

ಅನಂತರ ಮನೆಯಲ್ಲಿ ಬದಲಾದದ್ದು ಇಷ್ಟು. ವಾರಕ್ಕೊಮ್ಮೆ ಫೋನ್ ಮಾಡುತ್ತಿದ್ದ ಅವ್ವ ಈಗ ದಿನವೂ ಸಂಜೆ ಮಾಡುತ್ತಾಳೆ. ನನ್ನ ನೌಕೆ ಎಲ್ಲಿದೆ, ಎಷ್ಟು ಪೆಟ್ಟು ತಿಂದಿದೆ ಎಂದು ಮೊದಲು ಹೇಳಿ, ಆಮೇಲೆ ಊಟವಾಯಿತೇ ಎಂದು ಕೇಳುತ್ತಾಳೆ. ಅಪ್ಪನ ಹೆಸರನ್ನು ತಂಗಿ ಮತ್ತೆ ಯಾವ ನೌಕೆಗೂ ಇಟ್ಟಿಲ್ಲ.