ಒಂದು ಒತ್ತು, ಎರಡು ಗುಂಡು

ಪೊಲೀಸ್ ಶಸ್ತ್ರಾಗಾರದ ಹಿಂದಿನ ಕೋಣೆಯಲ್ಲಿ ಆಕೆ ಇಪ್ಪತ್ತಾರು ವರ್ಷ ಕೆಲಸ ಮಾಡಿದಳು. ಎಲ್ಲರಿಗೂ ಕೋವಿ ಅಕ್ಕ. ಕಾವಲುಗಾರರ ಬಂದೂಕುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ ಮುದ್ರೆ ಒತ್ತುವುದು, ಕೇಸಿಗೆ ಬಂದ ಬಂದೂಕು ಯಾವ ವರ್ಗದ್ದೆಂದು ನ್ಯಾಯಾಲಯಕ್ಕೆ ಬರೆದುಕೊಡುವುದು, ಎರಡೂ ಆಕೆಯದೇ.

ಹೊಸ ಪೇದೆಗಳಿಗೆ ಆಕೆ ಹೇಳುತ್ತಿದ್ದ ಪಾಠ ನೀರು ಕುಡಿದಷ್ಟು ಸಲೀಸು. "ಗುಂಡು ಮುಂದಕ್ಕೆ ಹೋದ ಒದೆತಕ್ಕೆ ಬೋಲ್ಟು ಹಿಂದಕ್ಕೆ ಬರುತ್ತೆ, ಖಾಲಿ ತೋಟಾ ಆಚೆ ಬೀಳುತ್ತೆ. ಸ್ಪ್ರಿಂಗು ಬೋಲ್ಟನ್ನ ವಾಪಸ್ ತಳ್ಳಿದಾಗ ಹೊಸದು ಒಳಗೆ ಕೂರುತ್ತೆ. ಇಲ್ಲೀವರೆಗೂ ಸೆಮಿ-ಆಟೊಮ್ಯಾಟಿಕ್ಕು, ಪೂರ್ತಿ ಆಟೊಮ್ಯಾಟಿಕ್ಕು ಎರಡೂ ಅಣ್ಣತಮ್ಮಂದಿರು. ಬೇರೆ ಆಗೋದು ಉಗುರಿನಷ್ಟು ದೊಡ್ಡ ಈ ಕೊಕ್ಕೇಲಿ. ಸೆಮಿಯಲ್ಲಿ ಒಂದು ಗುಂಡು ಹಾರಿದ ತಕ್ಷಣ ಇದು ತೋಟಾಗೆ ಬಡಿಯೋ ಸುತ್ತಿಗೇನ ಹಿಡ್ಕೊಳ್ಳುತ್ತೆ. ಬೆರಳು ಬಿಟ್ಟು ಮತ್ತೆ ಒತ್ತಬೇಕು. ಆಟೊಮ್ಯಾಟಿಕ್‌ನಲ್ಲಿ ಬೆರಳು ಒತ್ತಿರೋವರೆಗೂ ಹಾರ್ತಾನೇ ಇರುತ್ತೆ. ಸೆಮಿಗೆ ಲೈಸೆನ್ಸು ಸಿಗುತ್ತೆ. ಇನ್ನೊಂದಕ್ಕೆ ಸಿಗೋದು ಜೈಲು."

ಒಂದು ವರ್ಷ ಪರೀಕ್ಷೆಯ ದಿನ ಔಷಧಿ ಗೋದಾಮಿನ ಮುದುಕ ಕಾವಲುಗಾರ ತನ್ನ ಸೆಮಿ ಬಂದೂಕನ್ನು ಮೇಜಿನ ಮೇಲಿಟ್ಟ. "ತಾಯಿ, ಟ್ರಿಗರ್ ಯಾಕೋ ಸಡಿಲ ಅನ್ಸುತ್ತೆ. ಸ್ವಲ್ಪ ಬಿಚ್ಚಿ ನೋಡ್ತೀರಾ?"

ಹಿಂದೆ ನಲವತ್ತು ಜನರ ಸಾಲು. "ನಿನ್ನ ಕೈಯೇ ಸಡಿಲ ಆಗಿದೆ ಕಣಜ್ಜ," ಎಂದು ನಗುತ್ತಾ ಮುದ್ರೆ ಒತ್ತಿದಳು.

ನಾಲ್ಕು ತಿಂಗಳ ನಂತರ ಗೋದಾಮಿನ ಗೇಟಿನಲ್ಲಿ ಗಲಾಟೆಯಾಯಿತು. ಜನರನ್ನು ಹೆದರಿಸಲು ಅಜ್ಜ ನೆಲಕ್ಕೆ ಒಂದು ಗುಂಡು ಹಾರಿಸಿದ. ಒದೆತಕ್ಕೆ ನಳಿಗೆ ಮೇಲೆದ್ದಿತು, ಅವನು ಮತ್ತೆ ಒತ್ತದೆಯೇ ಎರಡನೇ ಗುಂಡು ಹಾರಿತು. ಪ್ಯಾಕಿಂಗ್ ಕೆಲಸದ ಹೆಂಗಸೊಬ್ಬಳು ಅಲ್ಲೇ ಸತ್ತಳು.

ಬಂದೂಕು ಕೋವಿ ಅಕ್ಕನ ಮೇಜಿಗೇ ಬಂತು. ಬಿಚ್ಚಿದಳು. ಕೊಕ್ಕೆಯ ತುದಿ ಸವೆದು ಬೋಳಾಗಿತ್ತು. ಸವೆತವೆಂದು ಬರೆದರೆ, ಮುದ್ರೆ ಒತ್ತಿದವರು ಯಾರು ಎಂಬ ಪ್ರಶ್ನೆ ಬರುತ್ತದೆ. ಆಕೆ ಬಾಗಿಲಿಗೆ ಚಿಲಕ ಹಾಕಿ, ಸಣ್ಣ ಅರದಿಂದ ಕೊಕ್ಕೆಯ ಮೇಲೆ ಮೂರು ಗೀರು ಎಳೆದಳು. ಆಮೇಲೆ ಬರೆದಳು: "ಬೇಕೆಂದೇ ಉಜ್ಜಿ ಮಾರ್ಪಡಿಸಲಾಗಿದೆ. ವರ್ಗ: ಆಟೊಮ್ಯಾಟಿಕ್."

ನ್ಯಾಯಾಲಯದಲ್ಲಿ ಅಜ್ಜ ಕಟಕಟೆಯ ಕಂಬಿ ಹಿಡಿದು ಕೂಗಿದ. "ತಾಯಿ, ನಾನು ಹೇಳಿದ್ದೆನಲ್ಲ! ಬಿಚ್ಚಿ ನೋಡಿ ಅಂದಿದ್ದೆನಲ್ಲ!"

ನ್ಯಾಯಾಧೀಶರು ಆಕೆಯ ಕಡೆ ತಿರುಗಿದರು. "ಹೇಳಿದ್ದರಾ?"

"ಇಲ್ಲ ಸ್ವಾಮಿ. ವರ್ಷಕ್ಕೆ ನೂರಾರು ಜನ ಬರ್ತಾರೆ. ಇವರ ಮುಖಾನೇ ನನಗೆ ನೆನಪಿಲ್ಲ."

ಹನ್ನೆರಡು ವರ್ಷ ಶಿಕ್ಷೆಯಾಯಿತು. ಅಜ್ಜನ ಹೆಂಡತಿ ಮೊಗಸಾಲೆಯಲ್ಲಿ ಆಕೆಯ ಕಾಲು ಹಿಡಿದಳು. "ಇನ್ನೊಂದ್ಸಲ ನೋಡಮ್ಮ, ಅವರಿಗೆ ಅರ ಹಿಡಿಯೋಕೂ ಬರಲ್ಲ." ಕೋವಿ ಅಕ್ಕ ಸೀರೆಯ ಅಂಚು ಬಿಡಿಸಿಕೊಂಡು, "ಕೋರ್ಟಲ್ಲಿ ಕೇಳಿ," ಎಂದು ಮೆಟ್ಟಿಲಿಳಿದಳು.

ಅಜ್ಜ ಎರಡನೇ ವರ್ಷ ಜೈಲಿನಲ್ಲೇ ತೀರಿಕೊಂಡ. ಅದೇ ವರ್ಷ ಕೋವಿ ಅಕ್ಕನಿಗೆ ಬಡ್ತಿ ಸಿಕ್ಕಿತು. ಅಜ್ಜನ ಬಂದೂಕಿನ ಆ ವರದಿ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ, ವರದಿ ಬರೆಯುವುದು ಹೇಗೆಂದು ತೋರಿಸಲು ಇಲಾಖೆ ಅದರ ಪ್ರತಿಯನ್ನು ಹೊಸಬರಿಗೆ ಹಂಚಿತು.