‘ಹಾರ’ ಎಂಬ ಫೋಲ್ಡರ್

ಲಿನಕ್ಸ್ ಕಂಪ್ಯೂಟರಿನ ಕಪ್ಪು ಪರದೆಯ ಮೇಲೆ ಫೈಲುಗಳ ಹೆಸರುಗಳು ಒಂದೊಂದಾಗಿ ಇಳಿಯುತ್ತಿದ್ದವು. ಎಲ್ಲವೂ ನಮ್ಮೂರಿನವರ ಹೆಸರುಗಳೇ. ನಡುವೆ ನನ್ನದೂ ಬಂತು.

ನಮ್ಮೂರು ನಿಡೋಣಿಯ ಫೋಟೋಗ್ರಾಫರ್ ತೀರಿಕೊಂಡು ಒಂಬತ್ತು ದಿನವಾಗಿತ್ತು. ದಿವಸದ ಕಾರ್ಯಕ್ಕೆ ಗಂಡನ ಫೋಟೋ ಬೇಕೆಂದು ಅವರ ಹೆಂಡತಿ ಪೆನ್‌ಡ್ರೈವ್ ಹಿಡಿದು ಪಟ್ಟಣದಲ್ಲಿ ಜಲನಗರದ ನಮ್ಮ ಮನೆಗೆ ಬಂದಿದ್ದರು. ಅದರಲ್ಲಿದ್ದದ್ದು ಕುಗ್ಗಿಸಿ ಕಟ್ಟಿಟ್ಟ ಒಂದೇ ಟಾರ್ ಫೈಲು. ಕಮಾಂಡ್ ಕೊಟ್ಟು ಬಿಚ್ಚಿದೆ.

ಹೊರಬಂದ ಫೋಲ್ಡರಿನ ಹೆಸರು ‘ಹಾರ’. ಒಳಗೆ ಬರೀ ಮುಖಗಳು, ಎಲ್ಲಕ್ಕೂ ಒಂದೇ ಅಳತೆ, ಹಿಂದೆ ಒಂದೇ ನೀಲಿ. ನನ್ನದು ತಂಗಿಯ ಮದುವೆಯಲ್ಲಿ ನಗುತ್ತಿದ್ದಾಗ ತೆಗೆದದ್ದು. ಪಕ್ಕದಲ್ಲಿದ್ದ ನನ್ನ ಹೆಂಡತಿಯನ್ನು ಕತ್ತರಿಸಿದ್ದರು.

“ಇದೇನ್ರಿ ಅಕ್ಕಾರ, ನಾ ಇನ್ನೂ ಅದೀನಲ್ರಿ!”

“ಸತ್ತ ಮನ್ಯಾಗ ಅಳಕೋತ ಫೋಟೋ ಹುಡುಕೋದು ನೋಡಾಕ ಆಗಂಗಿಲ್ಲ ಅಂತ, ಎಲ್ಲಾರದೂ ಹಾರ ಹಾಕೋ ಫೋಟೋ ಮೊದಲ ಮಾಡಿ ಇಡತಿದ್ರು ತಮ್ಮಾ. ನಿಂದು ಭಾಳ ಛಲೋ ಬಂದೈತಿ ನೋಡು.”

ಕೊನೆಯ ತನಕ ಹುಡುಕಿದೆವು. ಆ ಫೋಟೋಗ್ರಾಫರರದೊಂದು ಮಾತ್ರ ಇರಲಿಲ್ಲ.

ನನ್ನ ಫೋಟೋ ಅಳಿಸೋಣವೆಂದರೆ ಬೆರಳು ಮುಂದೆ ಹೋಗುವುದಿಲ್ಲ. ಮೊನ್ನೆ ಹೆಂಡತಿ, “ನಿಮ್ಮದೊಂದೂ ಛಲೋ ಫೋಟೋನ ಇಲ್ಲ ನೋಡ್ರಿ” ಅಂದಳು.